ಅಷ್ಟಮಿ ಚಂದ್ರನ ಧೂಳು

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಾಲತೇಶ ಫೋಟೋ ಸ್ಟುಡಿಯೋ ಅಂತ ಒಂದು ಅಂಗಡಿ. ಅಲ್ಲಿ ಫೋಟೋ ತೆಗೆಯುವವನು ಕನಕಪ್ಪ, ಮುಖ ತೊಳೆಯುವವಳು ಅವನ ಹೆಂಡತಿ ಮಲ್ಲಿಕಾ. ತೊಳೆಯುವುದು ಅಂದರೆ ಸಾಬೂನು ಹಚ್ಚಿ ಅಲ್ಲ, ಕಂಪ್ಯೂಟರಿನ ಮುಂದೆ ಕೂತು. ಮದುಮಗಳ ಗಲ್ಲದ ಮೊಡವೆ, ಬೀಗರ ಮೂಗಿನ ಮೇಲಿನ ನರೂಲಿ, ಮುತ್ತ್ಯಾನ ಕಣ್ಣ ಕೆಳಗಿನ ಕಪ್ಪು, ಕ್ಯಾಮೆರಾದೊಳಗೆ ಕೂತ ಧೂಳಿನ ಚುಕ್ಕೆ, ಯಾವುದೂ ಅವಳ ಕೈಯಿಂದ ಪಾರಾಗಿ ಹೋಗುವುದಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹಿರೇಕೆರೂರಿನಿಂದ ಶಿಗ್ಗಾಂವಿಯವರೆಗೆ ಎಷ್ಟೋ ಮನೆಯ ಗೋಡೆಗಳ ಮೇಲೆ ಅವಳು ತೊಳೆದ ಮುಖಗಳಿವೆ. ಹೊಗಳಿಸಿಕೊಳ್ಳುವವನು ಮಾತ್ರ ಕನಕಪ್ಪ. ಕನಕಪ್ಪ ಫೋಟೋ ತೆಗೆದರೆ ಹತ್ತು ವರ್ಷ ಸಣ್ಣವರಾಗಿಬಿಡುತ್ತೇವೆ ಅಂತ ಜನ ಅನ್ನುತ್ತಾರೆ. ಆ ಹತ್ತು ವರ್ಷ ಕಡಿಮೆ ಮಾಡಿದವಳು ಯಾರು ಅಂತ ಒಬ್ಬರೂ ಕೇಳುವುದಿಲ್ಲ. ಮಲ್ಲಿಕಾ ಇದನ್ನು ಯಾರ ಮುಂದೆಯೂ ಆಡಿದವಳಲ್ಲ, ರೊಟ್ಟಿ ಬಡಿಯುವಾಗ ಹಿಟ್ಟಿನ ಮುಂದೆ ಆಡಿದ್ದಿರಬಹುದು.

ಅಂಗಡಿಗೇ ಹೊಂದಿಕೊಂಡಿದ್ದ ಆ ಮನೆಯಲ್ಲಿ ಎರಡು ಕಟ್ಟುನಿಟ್ಟಿನ ಪದ್ಧತಿಗಳಿದ್ದವು. ಒಂದು ಗಂಡನದು. ಎಲ್ಲಿಂದ ಫೋಟೋ ತೆಗೆದುಕೊಂಡು ಬಂದರೂ ಕೈಕಾಲು ತೊಳೆಯುವ ಮೊದಲೇ ಅವನ್ನು ಕಂಪ್ಯೂಟರಿಗೆ ಇಳಿಸಿ, ಬೇಕಾದ್ದನ್ನು ಆರಿಸಿ, ಬೇಡವಾದ್ದನ್ನು ಅಲ್ಲೇ ಅಳಿಸಿ, ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿಟ್ಟುಬಿಡುವುದು. ಹಿಂದೊಮ್ಮೆ ಶಿಗ್ಗಾಂವಿಯ ಮದುವೆಯೊಂದರಲ್ಲಿ ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಕಾರ್ಡು ತುಂಬಿ ಕ್ಯಾಮೆರಾ ಸುಮ್ಮನಾಗಿತ್ತು. ಅವತ್ತು ಬೀಗರ ಬಾಯಿಂದ ಕೇಳಿದ್ದು ಅವನಿಗೆ ಈ ಜನ್ಮಕ್ಕೆ ಸಾಕಾಗಿತ್ತು. ಇನ್ನೊಂದು ಪದ್ಧತಿ ಹೆಂಡತಿಯದು. ತೊಳೆದ ಫೋಟೋವನ್ನು ಹಳೆಯದರ ಮೇಲೆಯೇ ಸೇವ್ ಮಾಡುವುದು, ಮೊದಲಿನದನ್ನು ಇಟ್ಟುಕೊಳ್ಳದಿರುವುದು. ಸವಣೂರಿನ ಮದುಮಗಳೊಬ್ಬಳು ಅಂಗಡಿಯಲ್ಲಿ ಕೂತು ತೊಳೆಯುವ ಮೊದಲಿನ ತನ್ನ ಮುಖವನ್ನೂ ಆಮೇಲಿನದನ್ನೂ ಅಕ್ಕಪಕ್ಕ ನೋಡಿ ಅತ್ತು ರಂಪ ಮಾಡಿದ ಮೇಲೆ ಮಲ್ಲಿಕಾ ಇದನ್ನು ಹಿಡಿದಿದ್ದಳು. ಎರಡೂ ಒಳ್ಳೆಯ ಪದ್ಧತಿಗಳೇ. ಎರಡೂ ಕೂಡಿದರೆ ಏನಾಗುತ್ತದೆ ಅನ್ನುವುದು ಇಷ್ಟು ವರ್ಷ ಗೊತ್ತಾಗಿರಲಿಲ್ಲ, ಅಷ್ಟೇ.

ಟೆಲಿಸ್ಕೋಪು ಮನೆಗೆ ಬಂದದ್ದು ನೀಲಾಂಬಿಕಾ ಅಕ್ಕೋರ ದೆಸೆಯಿಂದ. ಅಕ್ಕೋರು ಊರ ಹೊರಗಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಶಾಲೆಯ ಕಪಾಟಿನಲ್ಲಿ ಎಷ್ಟೋ ವರ್ಷದಿಂದ ಮಲಗಿದ್ದ ಸಣ್ಣ ಟೆಲಿಸ್ಕೋಪನ್ನು ಹೊರಗೆ ತೆಗೆದು, ಮಳೆಗಾಲದ ಥಂಡಿಗೆ ಲೆನ್ಸಿಗೆ ಹಿಡಿದಿದ್ದ ಬೂಸಲನ್ನು ಸವಣೂರಿನ ಚಾಳೀಸಿನ ಅಂಗಡಿಯ ತೌಹೀದನ ಕೈಯಲ್ಲಿ ಒರೆಸಿಸಿದ್ದರು. ಒರೆಸಿದ ಮೇಲೂ ಒಂದಿಷ್ಟು ಉಳಿದಿದೆ ಅಂತ ತೌಹೀದ ಹೇಳಿ ಕಳಿಸಿದ್ದ. ಆ ಮಾತು ಮಲ್ಲಿಕಾಳ ಕಿವಿಗೂ ಬಿತ್ತು. ಬೀಳದಿದ್ದರೆ ಚಲೋ ಇತ್ತು.

ಶಾಲೆಯಲ್ಲಿ ವಿಜ್ಞಾನಕ್ಕೆ ಅಂತ ಹೊಸ ಕೋಣೆ ಕಟ್ಟಿಸಿದ್ದರು, ಸೋಮವಾರ ಅದರ ಬಾಗಿಲು ತೆರೆಯುವುದಿತ್ತು. ಗೋಡೆಗೆ ಪೇಟೆಯಿಂದ ತಂದ ಪಟ ಬೇಡ, ಹಾನಗಲ್ಲಿನಿಂದ ಕಂಡ ಚಂದ್ರ ಇರಲಿ, ಹಾನಗಲ್ಲಿನವರೇ ತೆಗೆದದ್ದಿರಲಿ, ಕೆಳಗೆ ತೆಗೆದವರ ಹೆಸರೂ ಇರಲಿ ಅನ್ನುವುದು ಅಕ್ಕೋರ ಆಸೆ. ಅದನ್ನು ಕನಕಪ್ಪನ ಮುಂದೆ ಹೇಳಿದರು, ಟೆಲಿಸ್ಕೋಪನ್ನು ಅವನ ಕೈಗೆ ಕೊಟ್ಟುಹೋದರು. ಅಲ್ಲಿಂದ ಕನಕಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವನ ತಪ್ಪೂ ಅಲ್ಲ. ಐವತ್ತರ ಹತ್ತಿರ ಬಂದ ಮನುಷ್ಯ. ಅರ್ಜಿಗೆ, ಮದುವೆಗೆ, ಬಸುರಿಯರ ಕುಬಸಕ್ಕೆ, ಕಡೆಗೆ ಹೆಣ ಕೂಡಿಸಿದಲ್ಲಿಗೆ ಹೋಗಿಯೂ ಬೇರೆಯವರು ಹೇಳಿದಂತೆ ಫೋಟೋ ತೆಗೆದವನು. ತನ್ನ ಸಲುವಾಗಿ ಒಂದನ್ನೂ ತೆಗೆದವನಲ್ಲ. ಕ್ಯಾಮೆರಾವನ್ನು ಟೆಲಿಸ್ಕೋಪಿನ ಹಿಂಬದಿಗೆ ಜೋಡಿಸುವ ಬಳೆಯೊಂದನ್ನು ಹುಬ್ಬಳ್ಳಿಯಿಂದ ತರಿಸಿದ. ಮಾರ್ಗಶಿರದ ಬಿದಿಗೆಯಿಂದ ದಿನಾ ಸಂಜೆ ಮಾಳಿಗೆ ಹತ್ತತೊಡಗಿದ. ಒಂದು ದಿನ ಮೋಡ, ಒಂದು ದಿನ ಗಾಳಿ, ಒಂದು ದಿನ ಅವನದೇ ಗಡಿಬಿಡಿ. ಗುರುವಾರ ಅಷ್ಟಮಿ. ಅವತ್ತು ಕೆಳಗಿಳಿದು ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಿಕ್ಕಿತು ಅಂದ. ಅಷ್ಟೇ ಅಂದದ್ದು, ಆದರೆ ಬಾಯಿತುಂಬ ನಗುತ್ತಿದ್ದ. ಮದುವೆಯ ದಿನವೂ ಆ ಮನುಷ್ಯ ಅಷ್ಟು ನಕ್ಕಿರಲಿಲ್ಲ, ಮಲ್ಲಿಕಾಳೇ ಸಾಕ್ಷಿ.

ಆಮೇಲೆ ಪದ್ಧತಿಯ ಪ್ರಕಾರ ಐವತ್ತು ಫೋಟೋಗಳಲ್ಲಿ ಒಂದನ್ನು ಆರಿಸಿ, ನಲವತ್ತೊಂಬತ್ತನ್ನು ಅಳಿಸಿ, ಕಂಪ್ಯೂಟರಿನ ಕಸದಬುಟ್ಟಿಯನ್ನೂ ಖಾಲಿ ಮಾಡಿ, ಕಾರ್ಡನ್ನೂ ಬರಿದು ಮಾಡಿಟ್ಟು ಮಲಗಿದ. ಶುಕ್ರವಾರ ನಸುಕಿಗೆ ಒಳ್ಳೆಯ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಿರೇಕೆರೂರಿನ ಮದುವೆಗೆ ಹೊರಟ. ಮೂರು ದಿನದ ಕೆಲಸ, ಭಾನುವಾರ ಅಕ್ಕಿಕಾಳಿನ ಶಾಸ್ತ್ರ ಮುಗಿಸಿ ಸಂಜೆಗೆ ಬರುವವನು. ಶನಿವಾರ ಅಕ್ಕೋರು ಫೋಟೋ ನೋಡಲು ಬರುತ್ತಾರೆ, ತೋರಿಸು, ಪ್ರಿಂಟ್ ಮಾತ್ರ ನಾನೇ ಬಂದು ಹಾಕುತ್ತೇನೆ ಅಂತ ಹೇಳಿಹೋದ.

ಶುಕ್ರವಾರ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಲ್ಲಿಕಾ ಆ ಫೋಟೋ ತೆರೆದಳು. ಪರದೆಯ ತುಂಬ ಅರ್ಧ ಚಂದ್ರ. ಚಂದ ಇತ್ತು. ದೊಡ್ಡದು ಮಾಡಿ ನೋಡಿದಳು, ಅವಳ ಕಣ್ಣು ಸುಮ್ಮನಿರಬೇಕಲ್ಲ. ಬೂದು ಬಣ್ಣದ ದೊಡ್ಡ ದೊಡ್ಡ ಮಚ್ಚೆಗಳನ್ನು ಅವಳು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದಳು, ಅವು ಚಂದ್ರನವೇ, ಇರಲಿ. ಆದರೆ ಬೆಳಕು ಮುಗಿದು ಕತ್ತಲೆ ಶುರುವಾಗುವ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ದುಂಡನೆಯ ಕಲೆಗಳು. ದೊಡ್ಡವು, ಚಿಕ್ಕವು, ಒಂದರೊಳಗೆ ಒಂದು ಕೂತವು. ಅವಳಿಗೆ ಚೆನ್ನಾಗಿ ಗೊತ್ತಿತ್ತು. ಧೂಳಿನ ಕಲೆ ದುಂಡಗೇ ಇರುತ್ತದೆ, ಬೂಸಲಿನದೂ ದುಂಡಗೇ ಇರುತ್ತದೆ. ತೌಹೀದ ಹೇಳಿದ್ದ ಬೂಸಲು ಇದೇ. ಪಾಪ, ವಾರವೆಲ್ಲ ಮಾಳಿಗೆ ಹತ್ತಿ ಇಳಿದು ತೆಗೆದ ಒಂದೇ ಒಂದು ಫೋಟೋ, ಅದರ ಮೇಲೂ ಈ ಪೀಡೆ ಬಂದು ಕೂತಿದೆಯಲ್ಲ ಅಂತ ಮರುಗಿದಳು. ಗಂಡ ಬರುವಷ್ಟರಲ್ಲಿ ಸ್ವಚ್ಛ ಮಾಡಿಟ್ಟು ಅವನನ್ನು ದಂಗುಬಡಿಸಬೇಕು ಅನ್ನಿಸಿತು.

ಎರಡೂವರೆ ತಾಸು ಕೂತಳು. ಒಂದೊಂದು ಕಲೆಯನ್ನೂ ಪಕ್ಕದ ಬೆಳಕು ತಂದು ಮುಚ್ಚಿದಳು, ಸೂಜಿಮೊನೆಯಷ್ಟೂ ಗುರುತು ಉಳಿಯದ ಹಾಗೆ. ಅಂಥ ಕೆಲಸವನ್ನು ಅವಳು ಯಾವ ಮದುಮಗಳಿಗೂ ಮಾಡಿರಲಿಲ್ಲ. ಹಳೆಯದರ ಮೇಲೆ ಸೇವ್ ಮಾಡಿ, ಸ್ವಲ್ಪ ಹಿಂದೆ ಸರಿದು ನೋಡಿದಳು. ಚಂದ್ರ ಈಗಷ್ಟೇ ಸುಲಿದ ಬಾದಾಮಿಯ ಹಾಗೆ ನುಣ್ಣಗೆ ಹೊಳೆಯುತ್ತಿದ್ದ. ಖುಷಿಯಿಂದ ಕಂಪ್ಯೂಟರ್ ಬಂದ್ ಮಾಡಿ ಒಲೆಯ ಮುಂದೆ ಹೋದಳು.

ಶನಿವಾರ ಶಾಲೆ ಬಿಟ್ಟ ಮೇಲೆ ಅಕ್ಕೋರು ಬಂದರು. ಮಲ್ಲಿಕಾ ಸ್ಟೂಲು ಒರೆಸಿ ಕೂಡಿಸಿ, ಫೋಟೋ ತೆರೆದಿಟ್ಟು, ಅವರ ಮುಖ ನೋಡುತ್ತ ನಿಂತಳು. ಅಕ್ಕೋರು ಚಾಳೀಸು ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

“ಮಲ್ಲಿಕಾ, ಇದರಾಗ ಕುಣಿ ಎಲ್ಲಿ ಹೋದ್ವು? ಅಷ್ಟಮಿ ದಿನ ಅಂಚಿನಾಗ ಭಾಳ ಚಲೋ ಕಾಣ್ತಾವ, ದುಂಡನ್ನ ಕುಣಿ. ಇಲ್ಲಿ ಒಂದೂ ಕಾಣವಲ್ದಲ್ಲ.”

ಎಂಥ ಕುಣಿ ಅಂತ ಮಲ್ಲಿಕಾ ಕೇಳಿದಳು. ಅಕ್ಕೋರು ಪಾಠ ಮಾಡುವ ಧಾಟಿಯಲ್ಲೇ ಹೇಳಿದರು: ಚಂದ್ರನ ಮೇಲೆ ಆಕಾಶದಿಂದ ಬಂಡೆಗಳು ಬಂದು ಬಡಿದು ಆದ ಕುಣಿಗಳವು, ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಅದಕ್ಕೇ ಕೋಟಿಗಟ್ಟಲೆ ವರ್ಷದಿಂದ ಹಾಗೇ ಇವೆ, ಮಕ್ಕಳಿಗೆ ಅವನ್ನೇ ತೋರಿಸಬೇಕು ಅಂತ ನನ್ನ ಆಸೆ. ಕೋಟಿಗಟ್ಟಲೆ ವರ್ಷ ಅಲ್ಲಾಡದೆ ಕೂತಿದ್ದವನ್ನು ಮಲ್ಲಿಕಾ ಒಂದು ಮಧ್ಯಾಹ್ನದಲ್ಲಿ ಒರೆಸಿ ಹಾಕಿದ್ದಳು. ಆಗಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು, ಆದರೆ ಹೆದರಿದವರಿಗೆ ಮೊದಲು ಬಾಯಿಗೆ ಬರುವುದು ಸುಳ್ಳೇ. ಇದು ಸಣ್ಣ ಕಾಪಿ, ದೊಡ್ಡದರಲ್ಲಿ ಎಲ್ಲ ಬರುತ್ತವೆ ಅಂದುಬಿಟ್ಟಳು. ಅಕ್ಕೋರು ನಂಬಿದರು. ಟೆಲಿಸ್ಕೋಪನ್ನು ಸೋಮವಾರ ಬೆಳಿಗ್ಗೆ ಫೋಟೋದ ಜೊತೆಗೇ ಒಯ್ಯುತ್ತೇನೆ ಅಂತ ಹೇಳಿ ಎದ್ದರು.

ಅವರು ಓಣಿ ದಾಟಿದ್ದೇ ತಡ, ಮಲ್ಲಿಕಾ ಹುಡುಕಲು ಶುರು ಮಾಡಿದಳು. ಕಸದಬುಟ್ಟಿ ಖಾಲಿ. ಮಾಡಿದ್ದನ್ನು ಹಿಂದಕ್ಕೆ ತರುವ ಗುಂಡಿ ಒತ್ತಿದಳು. ನಿನ್ನೆ ಬಂದ್ ಮಾಡಿದ್ದ ಕಂಪ್ಯೂಟರಿಗೆ ಏನೂ ನೆನಪಿರಲಿಲ್ಲ. ಕಾರ್ಡು ಹಿರೇಕೆರೂರಿನಲ್ಲಿತ್ತು, ಅದರ ತುಂಬ ಈಗ ಯಾರದೋ ಅರಿಷಿಣ. ಅಷ್ಟರಲ್ಲಿ ಕನಕಪ್ಪನ ಫೋನು ಬಂತು. ಹಿಂದೆ ಬ್ಯಾಂಡಿನ ಗದ್ದಲ. ಅಕ್ಕೋರು ಬಂದಿದ್ದರೇನು, ನೋಡಿದರೇನು, ಏನಂದರು ಅಂತ ಒಂದೇ ಉಸಿರಿನಲ್ಲಿ ಕೇಳಿದ. ಬಹಳ ಚಲೋ ಬಂದಿದೆ ಅಂದರು ಅಂತ ಮಲ್ಲಿಕಾ ಹೇಳಿದಳು. ಆ ಕಡೆ ಕನಕಪ್ಪ ಪಕ್ಕದಲ್ಲಿದ್ದ ಯಾರಿಗೋ, ನಾ ತೆಗೆದ ಚಂದ್ರ ಸಾಲಿ ಗೋಡೆ ಮೇಲೆ ಬರುತ್ತಾನೆ ಅಂತ ಹೇಳುವುದು ಕೇಳಿಸಿತು. ಫೋನಿಟ್ಟು ಅವಳು ಕಂಪ್ಯೂಟರಿನ ಮೇಜಿಗೆ ಹಣೆ ಹಚ್ಚಿ ಕೂತುಬಿಟ್ಟಳು. ತನ್ನ ಮೇಲೆ ತನಗೇ ಅಷ್ಟು ಸಿಟ್ಟು ಅವಳಿಗೆ ಎಂದೂ ಬಂದಿರಲಿಲ್ಲ.

ಮೊದಲು ಕುಣಿಗಳನ್ನು ಮತ್ತೆ ಬರೆಯಲು ನೋಡಿದಳು. ನೆನಪಿದ್ದಷ್ಟು, ಕೈಗೆ ಬಂದಂತೆ. ಅರ್ಧ ತಾಸಿನಲ್ಲಿ ಚಂದ್ರನಿಗೆ ಸಿಡುಬು ಎದ್ದಂತಾಯಿತು, ಬಿಟ್ಟಳು. ಆಮೇಲೆ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಅಷ್ಟಮಿ ಚಂದ್ರರು ಅಲ್ಲಿ ಬೇಕಾದಷ್ಟು ಮಂದಿ, ಒಬ್ಬನಿಗಿಂತ ಒಬ್ಬ ಸ್ಫುಟ. ಒಂದನ್ನು ಇಳಿಸಿಯೂ ಬಿಟ್ಟಳು. ಪ್ರಿಂಟರಿನ ಗುಂಡಿಯ ಮೇಲೆ ಬೆರಳಿಟ್ಟವಳು ತೆಗೆದಳು. ಯಾವ ದೇಶದವನೋ, ಯಾವ ಮಾಳಿಗೆ ಹತ್ತಿ ಚಳಿಯಲ್ಲಿ ನಿಂತು ತೆಗೆದದ್ದೋ, ಅದರ ಕೆಳಗೆ ಕನಕಪ್ಪನ ಹೆಸರು. ಒಬ್ಬರು ದುಡಿದದ್ದರ ಕೆಳಗೆ ಇನ್ನೊಬ್ಬರ ಹೆಸರು ಬಂದರೆ ಹೇಗಿರುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಳಿಸಿಹಾಕಿದಳು.

ಹೊರಗೆ ಬಂದಾಗ ಇನ್ನೂ ಬೆಳಕಿತ್ತು, ಮೂಡಲ ಕಡೆ ಚಂದ್ರ ಆಗಲೇ ಮೇಲೇರಿದ್ದ. ಅವನನ್ನು ಇಲ್ಲೇ, ಕಣ್ಣೆದುರಿಗೇ ಇಟ್ಟುಕೊಂಡು ಒಳಗೆ ಕೂತು ಕೊರಗುವುದೇನು ಅನ್ನಿಸಿತು. ಮಲ್ಲಿಕಾ ಕ್ಯಾಮೆರಾ ಹಿಡಿಯದವಳೇನಲ್ಲ, ಕನಕಪ್ಪ ಇಲ್ಲದಾಗ ಪಾಸ್‌ಪೋರ್ಟ್ ಫೋಟೋ ಅವಳೇ ತೆಗೆಯುತ್ತಿದ್ದಳು. ಆದರೆ ಅಲ್ಲಿ ಲೈಟು, ಸ್ಟ್ಯಾಂಡು, ಕುರ್ಚಿ ಎಲ್ಲ ಇಟ್ಟಲ್ಲೇ ಇರುತ್ತವೆ, ಬಂದು ಕೂತವರೂ ಅಲುಗಾಡುವುದಿಲ್ಲ. ಅದಕ್ಕಂತಲೇ ಅಂಗಡಿಯಲ್ಲಿ ಇಟ್ಟಿದ್ದ ಹಳೆಯ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿಕೊಂಡು ಮಾಳಿಗೆ ಹತ್ತಿದಳು, ಹುಬ್ಬಳ್ಳಿಯ ಬಳೆಯಿಂದ ಟೆಲಿಸ್ಕೋಪಿಗೆ ಜೋಡಿಸಿದಳು. ಪಕ್ಕದ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹೊಳೆವ್ವ, ಗಂಡನ ಹುಚ್ಚು ನಿನಗೂ ಹತ್ತಿತೇನು ಅಂತ ಕೇಳಿ ನಕ್ಕಳು. ಮಲ್ಲಿಕಾ ಹೂಂ ಅಂದಳು, ಮಾತಿಗೆ ನಿಲ್ಲಲಿಲ್ಲ.

ಕತ್ತಲಾದ ಮೇಲೆ ತೆಗೆದ ಮೊದಲ ಫೋಟೋದಲ್ಲಿ ಬಿಳಿ ಗುಂಡು, ಮತ್ತೇನೂ ಇಲ್ಲ. ಬೆಳಕನ್ನು ಕ್ಯಾಮೆರಾದ ಲೆಕ್ಕಕ್ಕೆ ಬಿಟ್ಟರೆ ಸುತ್ತಲಿನ ಕತ್ತಲೆ ನೋಡಿ ಅದು ಗಾಬರಿಯಾಗುತ್ತದೆ. ಸ್ವಂತ ಲೆಕ್ಕಕ್ಕೆ ತಿರುಗಿಸಿ, ಬೆಳಕು ಇಳಿಸುತ್ತ ಇಳಿಸುತ್ತ ಬಂದಳು. ಈಗ ಮಚ್ಚೆಗಳು ಕಂಡವು, ಆದರೆ ಎಲ್ಲ ಅಲುಗಾಡಿದ್ದವು. ಗುಂಡಿ ಒತ್ತಿದ ಬೆರಳಿಗೇ ಕೊಳವೆ ನಡುಗುತ್ತಿತ್ತು. ಸ್ಟ್ಯಾಂಡಿನ ನಡುವೆ ಅಕ್ಕಿಯ ಚೀಲವೊಂದನ್ನು ಕಟ್ಟಿ ಇಳಿಬಿಟ್ಟಳು. ಅದೂ ಸಾಲದಾದಾಗ, ಮನೆಮಂದಿಯ ಜೊತೆ ತಾನೂ ಓಡಿಹೋಗಿ ನಿಲ್ಲಲು ಕನಕಪ್ಪ ಇಡುತ್ತಿದ್ದ ಹತ್ತು ಸೆಕೆಂಡಿನ ಟೈಮರ್ ನೆನಪಾಯಿತು. ಟೈಮರ್ ಇಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡು, ಉಸಿರು ಹಿಡಿದು ನಿಂತಳು. ಇನ್ನು ಉಳಿದದ್ದು ಫೋಕಸ್. ಕ್ಯಾಮೆರಾದ ಪರದೆಯಲ್ಲಿ ಅಂಚನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಟೆಲಿಸ್ಕೋಪಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು. ತಿರುಗಿಸುವಷ್ಟರಲ್ಲಿ ಚಂದ್ರ ಜಾರಿ ಪರದೆಯಿಂದ ಹೊರಗೆ. ಮತ್ತೆ ಹಿಡಿಯಬೇಕು, ಮತ್ತೆ ತಿರುಗಿಸಬೇಕು. ಹೀಗೆ ಎಷ್ಟು ಸಲವೋ. ಒಂದು ಸಲ ಮಾತ್ರ ಮಸುಕಾಗಿದ್ದ ಅಂಚು ಗಕ್ಕನೆ ಚೂಪಾಯಿತು.

ಕುಣಿಗಳು. ಒಂದಲ್ಲ, ನೂರಾರು. ಪ್ರತಿಯೊಂದರಲ್ಲೂ ಒಂದು ಮಗ್ಗುಲು ಕತ್ತಲೆ, ಇನ್ನೊಂದು ಮಗ್ಗುಲಿಗೆ ಬಿಸಿಲು. ಧೂಳಿಗೆ ನೆರಳಿರುವುದಿಲ್ಲ. ನಿನ್ನೆ ಅಷ್ಟು ಹೊತ್ತು ನೋಡಿದ ಕಣ್ಣಿಗೆ ಅದು ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು ಅವಳಿಗೆ, ಅದರ ಜೊತೆಗೇ ಹೇಳಲಾಗದ ಸಂತೋಷವೂ ಆಯಿತು, ಎರಡನ್ನೂ ಬೇರೆ ಮಾಡಲು ಬರಲಿಲ್ಲ. ಟೈಮರ್ ಇಡುವುದನ್ನು ಮರೆತು ಚಂದ್ರ ಜಾರಿಹೋಗುವವರೆಗೂ ನೋಡುತ್ತಲೇ ನಿಂತಳು. ಆಮೇಲೆ ಒಂದರ ಹಿಂದೊಂದು ಮೂವತ್ತು ತೆಗೆದಳು.

ಕೆಳಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಒಂದು ಬಹಳ ಚೆನ್ನಾಗಿ ಬಂದಿತ್ತು. ಅದನ್ನು ಕನ್ನಡಿಯಂತೆ ತೊಳೆದ ಅಷ್ಟಮಿ ಚಂದ್ರನ ಪಕ್ಕಕ್ಕೆ ಇಟ್ಟಳು, ಆಗ ಸತ್ಯ ಗೊತ್ತಾಯಿತು. ಇದು ದಶಮಿ. ಬೆಳಕು ಎರಡು ದಿನದಷ್ಟು ಮುಂದೆ ಸರಿದಿತ್ತು. ಕನಕಪ್ಪನ ಕುಣಿಗಳು ಇದ್ದ ಜಾಗದಲ್ಲಿ ಈಗ ಬಿಸಿಲು ಏರಿತ್ತು, ನೆರಳು ಕುಗ್ಗಿ ಅವು ಕಂಡೂ ಕಾಣದಂತೆ ಆಗಿದ್ದವು. ಅಂಚಿನಲ್ಲಿದ್ದವು ಬೇರೆ ಕುಣಿಗಳು. ಅವಳು ಕಳೆದದ್ದು ಬೇರೆ, ತಂದದ್ದು ಬೇರೆ. ಗಂಡನ ಫೋಟೋ ಗಂಡನದಾಗಿ ಇನ್ನು ಬರುವುದಿಲ್ಲ.

ಭಾನುವಾರ ಇಡೀ ದಿನ ಅವಳ ಹತ್ತಿರ ಒಂದು ಸುಳ್ಳು ತಯಾರಿತ್ತು: ಕಂಪ್ಯೂಟರಿಗೆ ವೈರಸ್ ಬಂದು ಫೋಟೋ ಹಾಳಾಯಿತು. ಒಳ್ಳೆಯ ಸುಳ್ಳು, ಯಾರೂ ಪರೀಕ್ಷೆ ಮಾಡಿ ನೋಡುವಂಥದ್ದಲ್ಲ. ದೀಪ ಹಚ್ಚುವ ಹೊತ್ತಿಗೆ ಕನಕಪ್ಪ ಬಂದ. ಅಂಗಿಯ ಮೇಲೆ ಅರಿಷಿಣ, ಕಣ್ಣಲ್ಲಿ ನಿದ್ದೆ. ನೀರನ್ನೂ ಕೇಳದೆ ಕಂಪ್ಯೂಟರಿನ ಮುಂದೆ ಕೂತು, ಮೊದಲು ನನ್ನ ಚಂದ್ರನ ಪ್ರಿಂಟ್ ಹಾಕುತ್ತೇನೆ ಅಂದ. ಮಲ್ಲಿಕಾ ಬಂದು ಅವನ ಕೈಯ ಮೇಲೆ ಕೈಯಿಟ್ಟಳು. ವೈರಸ್ಸು ಎಲ್ಲಿ ಹೋಯಿತೋ ಗೊತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಬೂಸಲು ಅಂದುಕೊಂಡದ್ದು, ಎರಡೂವರೆ ತಾಸು ಕೂತದ್ದು, ಅಕ್ಕೋರಿಗೆ ಹೇಳಿದ ಸುಳ್ಳು, ಫೋನಿನಲ್ಲಿ ಅವನಿಗೇ ಹೇಳಿದ ಸುಳ್ಳು.

ಕನಕಪ್ಪ ಬೈಯಲಿಲ್ಲ. ಫೋಟೋ ತೆರೆದು ನೋಡಿದ. ದೊಡ್ಡದು ಮಾಡಿ, ಅಂಚಿನ ಮೇಲಿಂದ ಕೆಳಗಿನವರೆಗೆ ಒಮ್ಮೆ ನಿಧಾನಕ್ಕೆ ಹೋಗಿ ಬಂದ. ಹುಡುಕುತ್ತಿದ್ದ ಅಂತ ಕಾಣುತ್ತದೆ, ಒಂದಾದರೂ ಉಳಿದಿದೆಯೇನೋ ಅಂತ. ಮಲ್ಲಿಕಾಳ ಕೆಲಸ ಅದು, ಒಂದೂ ಉಳಿದಿರಲಿಲ್ಲ.

“ಇಪ್ಪತ್ತು ವರ್ಷದಾಗ ನನ್ನ ಸಲುವಾಗಿ ಅಂತ ತಗದದ್ದು ಇದೊಂದ ಇತ್ತು ಮಲ್ಲಿಕಾ,” ಅಂದ.

ಬೈದಿದ್ದರೆ ಅವಳೂ ಎದುರು ಬೈಯುತ್ತಿದ್ದಳು, ಜಗಳ ಆಗುತ್ತಿತ್ತು, ಊಟದ ಹೊತ್ತಿಗೆ ಇಳಿಯುತ್ತಿತ್ತು. ಅವನು ಮೆತ್ತಗೆ ಅಂದದ್ದೇ ಕಷ್ಟವಾಯಿತು. ಕಡೆಗೆ ಅವಳು ಅವನ ಪಕ್ಕದಿಂದ ಕೈ ಚಾಚಿ ತನ್ನ ದಶಮಿಯ ಚಂದ್ರನನ್ನು ತೆರೆದಳು. ನಿನ್ನೆ ನಾನು ತೆಗೆದದ್ದು, ನಿಮ್ಮ ಹೆಸರಿನಲ್ಲೇ ಇದನ್ನು ಕೊಟ್ಟುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಅಂದಳು.

ಕನಕಪ್ಪ ಇದನ್ನೂ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

“ಅಲುಗಾಡೇ ಇಲ್ಲಲ್ಲ ಇದು,” ಅಂದ. “ಹೆಂಗ ಒತ್ತಿದಿ?”

ಒತ್ತಲಿಲ್ಲ, ಟೈಮರ್ ಇಟ್ಟಿದ್ದೆ ಅಂತ ಮಲ್ಲಿಕಾ ಹೇಳಿದಳು. ಕನಕಪ್ಪ ತನ್ನ ಬಲಗೈಯ ಬೆರಳನ್ನು ನೋಡಿಕೊಂಡ. ಅಷ್ಟಮಿಯ ದಿನ ಐವತ್ತು ಸಲವೂ ಅವನು ಆ ಬೆರಳಿನಿಂದಲೇ ಒತ್ತಿದ್ದ. ಆರಿಸಿದ ಒಂದರಲ್ಲೂ ಸಣ್ಣ ನಡುಕವಿತ್ತು. ಅದು ಅವನಿಗೆ ಗೊತ್ತಿತ್ತು, ಮಲ್ಲಿಕಾಳಿಗೂ ಗೊತ್ತಿತ್ತು, ಇಬ್ಬರೂ ಆಡಿರಲಿಲ್ಲ. ಕಳೆದುಕೊಂಡ ನೋವು ಒಂದು ಕಡೆ. ಮೊದಲ ಸಲ ಮಾಳಿಗೆ ಹತ್ತಿದ ಹೆಂಡತಿ ತನಗಿಂತ ಚಲೋ ತೆಗೆದಿದ್ದಾಳೆ ಅನ್ನುವುದು ಇನ್ನೊಂದು ಕಡೆ. ಎರಡೂ ಒಂದೇ ಸಂಜೆ ಬಂದು ಎದುರಿಗೆ ಕೂತರೆ ಯಾವ ಗಂಡಸಿಗಾದರೂ ನುಂಗುವುದು ಸುಲಭವಲ್ಲ. ಕನಕಪ್ಪ ಎದ್ದು ಹಿತ್ತಲಿಗೆ ಹೋದ. ಕೈಕಾಲು ತೊಳೆಯುವುದಕ್ಕೆ ಅಷ್ಟು ಹೊತ್ತು ಯಾರಿಗೂ ಬೇಕಾಗುವುದಿಲ್ಲ. ಮಲ್ಲಿಕಾ ಅಲ್ಲೇ ನಿಂತು ನೀರಿನ ಸದ್ದು ಕೇಳುತ್ತಿದ್ದಳು.

ಮುಖ ಒರೆಸಿಕೊಳ್ಳುತ್ತ ಬಂದವನು ಫೋನು ತೆಗೆದು ಅಕ್ಕೋರಿಗೆ ಹಚ್ಚಿದ.

“ಅಕ್ಕೋರ, ನಾಳಿಗೆ ಕೊಡೂ ಫೋಟೋ ನಂದಲ್ರಿ. ನಮ್ಮ ಮನಿಯಾಕಿ ತಗದಾಳ. ಹೆಸರು ಮಲ್ಲಿಕಾ ಅಂತ ಬರೀರಿ. ದುರ್ಬೀನು ಮಾತ್ರ ಇನ್ನೊಂದು ತಿಂಗಳ ನಮ್ಮಲ್ಲೇ ಇರ್ಲಿ.”

ಆ ಕಡೆಯಿಂದ ಅಕ್ಕೋರು ಏನೋ ಕೇಳಿದರು, ಅವನು ಹೌದ್ರಿ, ಹೌದ್ರಿ ಅಂದು ಇಟ್ಟ. ಪ್ರಿಂಟರಿಗೆ ದೊಡ್ಡ ಹಾಳೆ ಹಾಕಿದ. ಚಂದ್ರ ಮೇಲಿನ ತುದಿಯಿಂದ ಒಂದೊಂದೇ ಗೆರೆಯಾಗಿ ಹೊರಗೆ ಬರತೊಡಗಿದ. ಅದನ್ನೇ ನೋಡುತ್ತ, ಹೆಂಡತಿಯ ಕಡೆ ತಿರುಗದೆ ಹೇಳಿದ:

“ನಂದು ಮುಂದಿನ ಅಷ್ಟಮಿಗೆ ತಗೀತೇನಿ. ಅದನ್ನ ನೀ ಮುಟ್ಟಬ್ಯಾಡ.”

“ಮುಟ್ಟೂದಿಲ್ರಿ,” ಅಂದಳು ಮಲ್ಲಿಕಾ. ಎರಡು ದಿನ ತಡೆದಿಟ್ಟುಕೊಂಡಿದ್ದ ಅಳು ಆಗ ಬಂತು.